ಕಿಟಕಿ ತೆಗೆಯಬೇಡ ಅಂದವನಿಗೆ

ಫೆಬ್ರವರಿ 3

ಅಣ್ಣನಿಗೆ,

ಫೋನಾದರೆ ನೀನು ಕಟ್ ಮಾಡುತ್ತೀಯ. ನಿನ್ನೆ ಎರಡು ಸಲ ಮಾಡಿದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಒಂದು ಸಲ ಓದಿಬಿಡುವ ಚಪಲ ನಿನಗಿದೆ, ನನಗೆ ಗೊತ್ತು. ಆದ್ದರಿಂದ ನೀನು ಅರ್ಧಕ್ಕೇ ಬಿಟ್ಟ ಮಾತನ್ನು ಮೊದಲಿಂದ ಹೇಳುತ್ತೇನೆ, ಕೂತು ಕೇಳು.

ಮೆಣಸಿಗೆ ಮತ್ತೆ ಉಸಿರು ಕಟ್ಟಿತು. ನನ್ನ ಮಗಳಿಗೆ ಆ ಹೆಸರಿಟ್ಟವನು ನೀನೇ: ಗಾತ್ರ ಕಾಳಿನಷ್ಟು, ಖಾರ ಕೇರಿಗಾಗುವಷ್ಟು ಅಂತ. ಈಗ ಆ ಖಾರವೆಲ್ಲ ಇಳಿದುಹೋಗಿದೆ. ಎದೆಯೊಳಗೆ ಯಾರೋ ಸಿಳ್ಳೆ ಹೊಡೆದ ಹಾಗೆ ಸದ್ದು, ಪಕ್ಕೆಗಳು ಒಳಗೆ ಸೇದಿಕೊಳ್ಳುತ್ತವೆ. ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕಿಟ್ಟು ಔಷಧಿಯ ಆವಿ ಕೊಟ್ಟರು. ಒಂದೂವರೆ ವರ್ಷದ ಮಗುವನ್ನು ಅಲ್ಲಾಡದ ಹಾಗೆ ಹಿಡಿದುಕೊಂಡು ಕೂರುವುದು ಎಂದರೇನು ಅಂತ ಬರೆದರೆ ನಿನಗೆ ಬೇಜಾರಾಗುತ್ತದೆ. ಆಗಲಿ. ಅವಳು ನನ್ನನ್ನು ಕಚ್ಚಿದಳು. ಆಮೇಲೆ ಕಚ್ಚುವುದಕ್ಕೂ ತ್ರಾಣ ಇಲ್ಲದೆ ಸುಮ್ಮನಾದಳು.

ಡಾಕ್ಟರಮ್ಮ ಕೇಳಿದರು, "ಮನೇಲಿ ಸಿಗರೇಟು ಸೇದೋರು ಯಾರು?"

ಯಾರೂ ಇಲ್ಲ ಅಂದೆವು. ಅವರು ನಂಬಲಿಲ್ಲ. ಮಗುವಿನ ಮೂತ್ರ ಪರೀಕ್ಷೆ ಮಾಡಿಸಿದರು. ಅದರಲ್ಲಿ ತಂಬಾಕು ಇತ್ತು, ಅಣ್ಣ. ನನ್ನ ಮಗುವಿನ ಮೈಯೊಳಗೆ. "ಕೆಮ್ಮಿಗೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಇದು ಅಲ್ಲಿ ಇರಬಾರದು, ಇದೆ" ಎಂದು ಹೇಳಿ ನಿನ್ನ ಭಾವನ ಕಡೆ ನೋಡಿದರು. ಇವರ ಮುಖ ನಿನಗೆ ಗೊತ್ತಲ್ಲ, ಏನೂ ಮಾಡದೆ ಇರುವಾಗಲೂ ಏನೋ ಮಾಡಿದ ಹಾಗೇ ಇರುತ್ತದೆ. ಬಸ್ ಡಿಪೋದ ಮೆಕ್ಯಾನಿಕ್, ಉಗುರೆಲ್ಲ ಕಪ್ಪು. ನಾನೂ ಅನುಮಾನಪಟ್ಟೆ. ಅಂಗಿ ಮೂಸಿದೆ, ಜೇಬು ತಡಕಿದೆ, ಸಿಕ್ಕಿದ್ದು ಒಂದು ನಟ್ಟು, ಒಂದು ಪೆಪ್ಪರಮೆಂಟು. ಅವರು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದರು. "ಮುಗೀತಾ? ಬೂಟಿನ ಒಳಗೂ ನೋಡ್ಬಿಡು" ಅಂದರು. ನೋಡಿದೆ.

ಮುಂದಿನ ಸಲ ಡಾಕ್ಟರಮ್ಮ ಬೇರೆ ಪ್ರಶ್ನೆ ಕೇಳಿದರು: "ಮುಂಚೆ ಯಾರಾದ್ರೂ ಸೇದ್ತಿದ್ರಾ?"

"ನಮ್ಮಪ್ಪ. ಆದ್ರೆ ಅವರು ಹೋಗಿ ಎಂಟು ತಿಂಗಳಾಯ್ತು."

"ಅವರು ಹೋದ್ರು ಕಣಮ್ಮಾ. ಅವರು ಬಿಟ್ಟ ಹೊಗೆ ಎಲ್ಲಿಗೆ ಹೋಗ್ಬೇಕು?"

ಹೊಗೆ ಹಾರಿಹೋಗುತ್ತದಂತೆ, ಅದರ ಜಿಡ್ಡು ಹೋಗುವುದಿಲ್ಲವಂತೆ. ಪರದೆ, ಗೋಡೆ, ಚಾಪೆ, ಕುರ್ಚಿಯ ಬಟ್ಟೆ, ಎಲ್ಲದರಲ್ಲೂ ಕೂತಿರುತ್ತದೆ, ತಿಂಗಳುಗಟ್ಟಲೆ. ದೊಡ್ಡವರು ಅದರ ಮೇಲೆ ನಡೆದುಹೋಗುತ್ತಾರೆ. ನೆಲದ ಮೇಲೆ ಅಂಬೆಗಾಲಿಟ್ಟು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವವರಿಗೆ ಅದು ಸಿಗುತ್ತದೆ.

ಅಪ್ಪನ ಕೋಣೆ ನೆನಪು ಮಾಡಿಕೋ. ಮೂವತ್ತು ವರ್ಷ ಅಚ್ಚಿನ ಕರಡು ತಿದ್ದಿದ ಕೋಣೆ. ಬಲಗೈಯಲ್ಲಿ ಕೆಂಪು ಪೆನ್ನು, ಎಡಗೈಯಲ್ಲಿ ಸಿಗರೇಟು. ಕಾಗದ ಹಾರುತ್ತದೆ ಎಂದು ಫ್ಯಾನಿಲ್ಲ, ಕಿಟಕಿ ತೆಗೆಯುವ ಹಾಗಿಲ್ಲ. ಅಪ್ಪ ಹೋದ ಮೇಲೆ ನಾವು ಈ ಮನೆಗೆ ಬಂದಾಗ ನೀನು ಹಾಕಿದ ಷರತ್ತು ಒಂದೇ: ಕೋಣೆ ಮುಟ್ಟಬೇಡ, ಕಿಟಕಿ ತೆಗೆಯಬೇಡ, ಅಪ್ಪನ ವಾಸನೆ ಹೊರಟುಹೋಗುತ್ತೆ. ಮಗು ಅಲ್ಲೇ ಆಡಿಕೊಳ್ಳಲಿ, ಅಜ್ಜನ ಜೊತೆ ಇದ್ದ ಹಾಗಾಗುತ್ತೆ. ನಾನೂ ತಲೆಯಾಡಿಸಿದೆ. ಪ್ರತಿ ಭಾನುವಾರ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿ ನಿನಗೆ ಫೋನ್ ಮಾಡಿದೆ. ಹಲ್ಲು ಬರುವಾಗ ಕುರ್ಚಿಯ ಎಡತೋಳನ್ನು ಕಡಿದಳು, ಅಪ್ಪನ ಸಿಗರೇಟಿನ ಕೈ ಇರುತ್ತಿದ್ದ ತೋಳು. ನಾವು ನಕ್ಕೆವು. ನಾನು ಫೋಟೋ ಕಳಿಸಿದೆ. ನೀನು "ಅಜ್ಜನ ರುಚಿ ಹತ್ತಿತು" ಎಂದು ಉತ್ತರ ಕಳಿಸಿದೆ.

ಆ ಕೋಣೆ ಖಾಲಿ ಮಾಡುತ್ತೇನೆ ಎಂದು ನಿನ್ನೆ ಹೇಳಿದ್ದು ಇದಕ್ಕೆ. ನೀನು ಹೇಳಿದ್ದು, "ಅಪ್ಪ ಹೋಗಿ ವರ್ಷ ಆಗಿಲ್ಲ, ಆಗ್ಲೇ ಗುಡಿಸಿ ಹಾಕ್ತೀಯಾ?" ಆಮೇಲೆ ಕಟ್.

ಮನೆ ನಿನ್ನದೂ ಹೌದು, ಅಪ್ಪ ನಿನಗೂ ಅಪ್ಪ. ಅದಕ್ಕೇ ಕೇಳುತ್ತಿದ್ದೇನೆ. ಬೇಗ ಹೂಂ ಅನ್ನು.

ತಂಗಿ

 

ಫೆಬ್ರವರಿ 13

ತಂಗಿ ದೊರೆಸಾನಿಯವರಿಗೆ,

ಓದಿದೆ. ಹರಿಯಲಿಲ್ಲ, ಮಡಚಿ ಇಟ್ಟಿದ್ದೇನೆ, ಮುಂದೊಂದು ದಿನ ಮೆಣಸು ದೊಡ್ಡವಳಾದ ಮೇಲೆ ಓದಿಸಬೇಕು, ನಿಮ್ಮಮ್ಮ ಹೇಗೆ ಇರುವೆಯನ್ನು ಆನೆ ಮಾಡುತ್ತಿದ್ದಳು ಅಂತ.

ಮಗುವಿಗೆ ಹುಷಾರಿಲ್ಲ ಅಂದರೆ ನನಗೆ ಸಂತೋಷವಾಗುತ್ತದಾ? ಆದರೆ ಒಂದು ಕೇಳುತ್ತೇನೆ. ನಾವಿಬ್ಬರೂ ಬೆಳೆದದ್ದು ಎಲ್ಲಿ? ಆ ಹೊಗೆಯಲ್ಲೇ. ಅಪ್ಪನ ಕಾಲ ಬಳಿ ಕೂತು ಅಕ್ಷರ ಕಲಿತೆವು, ತಪ್ಪಿಗೆ ಕೆಂಪು ಗೆರೆ, ಸರಿಗೆ ತಲೆ ಮೇಲೊಂದು ಸವರು. ಸತ್ತೆವಾ? ನಾನು ಬಂದರಿನಲ್ಲಿ ಕ್ರೇನ್ ಓಡಿಸುತ್ತೇನೆ, ದಿನಕ್ಕೆರಡು ಸಲ ಏಣಿ ಹತ್ತಿ ಇಳಿಯುತ್ತೇನೆ, ನನ್ನ ಎದೆಗೆ ಏನಾಗಿದೆ? ನಿನ್ನ ಡಾಕ್ಟರಮ್ಮನಿಗೆ ಗೋಡೆ ಹೊಗೆ ಬಿಡುವುದು ಕಾಣಿಸುತ್ತದೆ, ಎದುರಿಗೆ ಕೂತ ಡಿಪೋದವನು ಕಾಣಿಸುವುದಿಲ್ಲ. ಭಾವನ ಬಾಯಿ ಮೂಸಿದೆಯಾ? ಅಂಗಿ ಮೂಸಿದವಳು ಅಷ್ಟಕ್ಕೇ ಯಾಕೆ ನಿಲ್ಲಿಸಿದೆ? ಡಿಪೋದಲ್ಲಿ ಸೇದಿ ಬಾಯಿಗೆ ಏಲಕ್ಕಿ ಹಾಕಿಕೊಂಡು ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಿನಗೆ ಆ ಕೋಣೆ ಮೊದಲಿಂದಲೂ ಬೇಕಿತ್ತು. ಬೆಳಕಿರುವ ಕೋಣೆ ಅದೊಂದೇ. ಹಾಗಂತ ನೇರವಾಗಿ ಹೇಳಿದ್ದರೆ ಯೋಚಿಸುತ್ತಿದ್ದೆ. ಮಗುವಿನ ಮೂತ್ರವನ್ನು ಮುಂದೆ ಮಾಡಿಕೊಂಡು ಬರಬೇಡ.

ಅಪ್ಪ ಹೋದಾಗ ನಾನು ಬರುವುದರೊಳಗೆ ಎಲ್ಲ ಮುಗಿದಿತ್ತು. ಮುಖ ಸಿಗಲಿಲ್ಲ. ಸಿಕ್ಕಿದ್ದು ಆ ಕೋಣೆಯ ವಾಸನೆ. ರಜೆ ಸಿಕ್ಕಾಗ ಬಂದು ಬಾಗಿಲು ಹಾಕಿಕೊಂಡು ಆ ಕುರ್ಚಿಯಲ್ಲಿ ಒಂದು ದಿನ ಕೂರಬೇಕು, ಅಷ್ಟೇ ನನ್ನ ಆಸೆ. ಅಲ್ಲಿಯವರೆಗೆ ಕಿಟಕಿ ತೆಗೆಯಬೇಡ.

ಅಣ್ಣ

 

ಫೆಬ್ರವರಿ 22

ಅಣ್ಣನಿಗೆ,

ನಿನ್ನ ಕಾಗದ ಇವರ ಕೈಗೇ ಸಿಕ್ಕಿತು. ಏಲಕ್ಕಿಯವರೆಗೂ ಓದಿದರು. ಹಾಸಿಗೆ ಸುತ್ತಿಕೊಂಡು ಡಿಪೋಗೆ ಹೋದರು, ಅಲ್ಲಿಯೇ ಡ್ರೈವರುಗಳ ಕೋಣೆಯಲ್ಲಿ ಮಲಗುತ್ತಿದ್ದಾರೆ. "ಇನ್ನೆರಡು ವಾರ ಆದ್ಮೇಲೆ ಮಗೂನ ಮತ್ತೆ ಟೆಸ್ಟ್ ಮಾಡ್ಸು. ನಾನಿಲ್ದೇನೂ ಬಂದ್ರೆ ಆಗ ನಿಮ್ಮಣ್ಣಂಗೆ ಏಲಕ್ಕಿ ಕಳ್ಸು" ಅಂದರು. ನಿನ್ನ ಒಂದು ಮಾತಿಗೆ ಮಗು ಬಾಗಿಲ ಕಡೆ ನೋಡುತ್ತಾ ಕೂರುವ ಹಾಗಾಯಿತು. ತೃಪ್ತಿಯಾಯಿತಾ?

ಸತ್ತೆವಾ ಅಂತ ಕೇಳಿದ್ದೀಯ. ನಿನಗೆ ನೆನಪಿರುವುದು ತಲೆ ಮೇಲಿನ ಸವರು. ನನಗೆ ನೆನಪಿರುವುದು ಹಿಂದಿನ ಮೆಟ್ಟಿಲು. ನನಗೆ ದಮ್ಮು ಹತ್ತಿದಾಗೆಲ್ಲ ಅಮ್ಮ ಎತ್ತಿಕೊಂಡು ಹೋಗಿ ಅಲ್ಲಿ ಕೂರಿಸುತ್ತಿದ್ದಳು, ಬೆನ್ನು ತಿಕ್ಕುತ್ತಿದ್ದಳು. ಒಳಗಿನಿಂದ ಅಪ್ಪ ಕೂಗುತ್ತಿದ್ದರು, "ಬಾಗ್ಲು ಹಾಕ್ಕೊಳ್ಳೇ, ಕಾಗ್ದ ಹಾರುತ್ತೆ!" ಮಗಳ ಉಸಿರು ಹಾರಿದರೆ ಚಿಂತೆಯಿಲ್ಲ, ಕಾಗದ ಹಾರಬಾರದು. ಊರಿನವರ ತಪ್ಪನ್ನೆಲ್ಲ ತಿದ್ದಿದ ಮನುಷ್ಯ ತನ್ನ ಮನೆಯದನ್ನು ಕಣ್ಣೆತ್ತಿ ನೋಡಲಿಲ್ಲ. ನಿನಗೆ ವರ್ಷಕ್ಕೆ ಮೂರು ಸಲ ಕಿವಿ ಸೋರುತ್ತಿತ್ತು, ಹತ್ತಿ ಇಟ್ಟುಕೊಂಡು ಸ್ಕೂಲಿಗೆ ಹೋಗುತ್ತಿದ್ದೆ, ಹುಡುಗರು ನಿನ್ನನ್ನು ಹತ್ತಿ ಮೂಟೆ ಅನ್ನುತ್ತಿದ್ದರು. ಮರೆತೆಯಾ? ನಾವು ಸಾಯಲಿಲ್ಲ, ನಿಜ. ಬಸ್ಸಿನಡಿ ಬಿದ್ದು ಬದುಕಿದವನು ಬಸ್ಸಿನ ಏಜೆಂಟನಾಗಬೇಕೇನು?

ನನಗೂ ಅಪ್ಪ ಬೇಕು. ಅವರ ಮೇಲಿನ ಪ್ರೀತಿಗೂ ಈ ಸಿಟ್ಟಿಗೂ ಒಂದೇ ಎದೆಯಲ್ಲಿ ಜಾಗ ಮಾಡಿಕೊಂಡಿದ್ದೇನೆ, ಇಕ್ಕಟ್ಟಾಗಿದೆ, ಆದರೂ ಇಟ್ಟುಕೊಂಡಿದ್ದೇನೆ.

ಗೋಡೆ ಹೊಗೆ ಬಿಡುತ್ತದಾ ಎಂದು ನಕ್ಕೆಯಲ್ಲ, ಅದಕ್ಕೆ ಉತ್ತರ ಈ ಲಕೋಟೆಯಲ್ಲಿದೆ. ಬಿಳಿ ಬಟ್ಟೆ ಒದ್ದೆ ಮಾಡಿ ಕುರ್ಚಿಯ ಹಿಂದಿನ ಗೋಡೆಯನ್ನು ಒಂದೇ ಒಂದು ಸಲ ಒರೆಸಿದೆ. ಒಣಗಿಸಿ, ಒಂದು ಚೂರು ಕತ್ತರಿಸಿ ಇಟ್ಟಿದ್ದೇನೆ. ಬಣ್ಣ ನೋಡು. ಮೂಸು. ನನ್ನ ಮಗಳು ಅದನ್ನು ನೆಕ್ಕಿದ್ದಾಳೆ. ಇದಾದ ಮೇಲೂ ಕಿಟಕಿ ತೆಗೆಯಬೇಡ ಅನ್ನುವ ಧೈರ್ಯ ನಿನಗಿದ್ದರೆ ಬರೆ.

ತಂಗಿ

 

ಮಾರ್ಚ್ 5

ಪ್ರೀತಿಯ ತಂಗಿ,

ನಿನ್ನ ಲಕೋಟೆ ತೆರೆದೆ. ಬೈಗುಳ ಓದುವ ಮುಂಚೆಯೇ ಬಟ್ಟೆಯ ಚೂರು ಮಡಿಲಿಗೆ ಬಿತ್ತು. ಮೂಗಿಗೆ ಹಿಡಿದೆ.

ಅಪ್ಪ ಬಂದುಬಿಟ್ಟರು ಕಣೇ. ಪಕ್ಕದಲ್ಲೇ ಕೂತು "ಎಲ್ಲೋ ನಿನ್ನ ಒತ್ತಕ್ಷರ?" ಎಂದ ಹಾಗಾಯಿತು. ಒಂಬತ್ತು ತಿಂಗಳಲ್ಲಿ ಅತ್ತಿರಲಿಲ್ಲ, ಅವತ್ತು ಅತ್ತೆ. ಎಷ್ಟು ಬೈದರೂ ನನಗೆ ಏನು ಬೇಕೆಂದು ನಿನಗೇ ಗೊತ್ತಾಗುವುದು ನೋಡು. ಆ ಚೂರನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಕೆಲಸದಿಂದ ಬಂದವನೇ ಒಂದು ಸಲ ಮೂಸುತ್ತೇನೆ. ಭಾವನ ವಿಷಯದಲ್ಲಿ ನನ್ನ ಬಾಯಿ ಜಾಸ್ತಿಯಾಯಿತು, ಅವರಿಗೆ ಹೇಳು.

ನಿನಗೆ ಹೇಳದೆ ಇಟ್ಟುಕೊಂಡ ಒಂದು ಸುದ್ದಿ ಇದೆ. ನಿನ್ನ ಅತ್ತಿಗೆಗೆ ಎಂಟನೇ ತಿಂಗಳು. ಹಿಂದೆ ಎರಡು ಸಲ ನಿಲ್ಲಲಿಲ್ಲವಲ್ಲ, ಈ ಸಲ ಬಾಯಿಬಿಟ್ಟರೆ ದೃಷ್ಟಿಯಾಗುತ್ತದೆ ಅಂತ ಅವಳು ಯಾರಿಗೂ ಹೇಳಲು ಬಿಟ್ಟಿರಲಿಲ್ಲ. ಈಗ ಡಾಕ್ಟರು ಪರವಾಗಿಲ್ಲ ಅಂದಿದ್ದಾರೆ.

ಅದಕ್ಕೇ ಒಂದು ದಾರಿ ಹೊಳೆಯಿತು, ನಿನ್ನ ಜಗಳವೂ ಮುಗಿಯುತ್ತದೆ, ನನ್ನ ಆಸೆಯೂ ತೀರುತ್ತದೆ. ಇಪ್ಪತ್ತನೇ ತಾರೀಕು ನನ್ನ ಸ್ನೇಹಿತನೊಬ್ಬ ಲಾರಿ ತೆಗೆದುಕೊಂಡು ನಿಮ್ಮ ಕಡೆ ಬರುತ್ತಾನೆ. ನಾವೆಲ್ಲ ಹಾರನ್ ಅನ್ನುತ್ತೇವೆ, ಯಾಕೆ ಅಂತ ಅವನು ಬೀದಿಗೆ ತಿರುಗಿದಾಗಲೇ ನಿನಗೆ ಗೊತ್ತಾಗುತ್ತದೆ. ಅವನ ಕೈಲಿ ಅಪ್ಪನ ಕುರ್ಚಿ ಕಳಿಸಿಬಿಡು. ಒರೆಸಬೇಡ, ತೊಳೆಯಬೇಡ, ಹಾಗೇ ಕಳಿಸು. ನಿನ್ನ ಅತ್ತಿಗೆ ಅದರಲ್ಲೇ ಕೂತು ಮಗುವಿಗೆ ಹಾಲು ಕೊಡಲಿ. ಅಜ್ಜನನ್ನು ನೋಡದ ಮಗು ಅಜ್ಜನ ಮಡಿಲಲ್ಲಿ ಬೆಳೆದ ಹಾಗಾಗುತ್ತದೆ. ಆಮೇಲೆ ಆ ಕೋಣೆಯನ್ನು ತೊಳೆ, ಬಳಿ, ಬೇಕಾದರೆ ಕೆಡವು. ನಾನು ಕೇಳುವುದಿಲ್ಲ.

ನಿನ್ನ ಅಣ್ಣ

 

ಮಾರ್ಚ್ 11

ಅಣ್ಣ,

ಆ ಚೂರನ್ನು ದಿಂಬಿನ ಕೆಳಗಿನಿಂದ ತೆಗೆ. ಮುಂದಿನ ಸಾಲು ಓದುವ ಮುಂಚೆ ಎದ್ದು ಹೋಗಿ ತೆಗೆ. ಕೈ ತೊಳೆದುಕೊಂಡು ಬಂದು ಮಿಕ್ಕಿದ್ದು ಓದು.

ನಾನು ಕಳಿಸಿದ್ದು ನೆನಪಿನ ಕಾಣಿಕೆಯಲ್ಲ, ದೂರು. ಎಂಟು ತಿಂಗಳ ಬಸುರಿ ಮಲಗುವ ಹಾಸಿಗೆಗೆ ಅದನ್ನು ಕಳಿಸಿದೆನಲ್ಲ ಎಂದು ನನ್ನ ಕೈ ನಾನೇ ಕಡಿದುಕೊಳ್ಳುವ ಹಾಗಾಗಿದೆ. ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಯಾಕೆಂದರೆ ನೀನು ಹೇಳಿರಲಿಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ನನ್ನ ದೃಷ್ಟಿ ತಾಗುತ್ತದೆ ಎಂದು ಮುಚ್ಚಿಟ್ಟೆ, ತಂಬಾಕಿನ ಜಿಡ್ಡು ಮಾತ್ರ ತಾಗುವುದಿಲ್ಲವಾ? ಎಂಥಾ ಬುದ್ಧಿ, ಎಂಥಾ ಶುದ್ಧಿ!

ಕುರ್ಚಿ ಕೊಡುವುದಿಲ್ಲ.

ನಿಜ ಹೇಳುತ್ತೇನೆ, ನಿನ್ನ ಕಾಗದ ಓದಿ ಒಂದು ಗಳಿಗೆ ಹಗುರವಾಯಿತು. ಲಾರಿ ಬರಲಿ, ಹೊರಲಿ, ಪೀಡೆ ತೊಲಗಲಿ. ನಾನು ಕೋಣೆ ತೊಳೆದುಕೊಳ್ಳುತ್ತೇನೆ, ಅಣ್ಣ ಖುಷಿಯಾಗಿರುತ್ತಾನೆ, ಮನೆಯವರು ವಾಪಸು ಬರುತ್ತಾರೆ. ಅಷ್ಟರಲ್ಲಿ ಮೆಣಸು ಆ ತೋಳು ಕಡಿಯುತ್ತಿದ್ದ ಫೋಟೋ ಕಣ್ಣ ಮುಂದೆ ಬಂತು. ಮುಖ ಮಾತ್ರ ಅವಳದ್ದಲ್ಲ. ಇನ್ನೂ ಹುಟ್ಟದ ಮುಖ.

ಮೊನ್ನೆಯ ಪರೀಕ್ಷೆ ಬಂತು. ಮಗುವಿನ ಅಪ್ಪ ಮನೆಯಲ್ಲಿಲ್ಲ, ಆದರೂ ತಂಬಾಕು ಇದೆ. ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಅವಳು ಬೆರಳು ತೂರಿಸಿ ಆ ಕೋಣೆಯ ಚಾಪೆಯ ಅಂಚು ಎಳೆಯುತ್ತಿರುತ್ತಾಳೆ. ಇವರಿಗೆ ಹೇಳಲು ಡಿಪೋಗೆ ಹೋದೆ. ಬಸ್ಸಿನ ಅಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿತ್ತು. "ರೀ, ಬಂದಿದೆ" ಅಂದೆ. ಕಾಲುಗಳು ಅಲ್ಲಾಡಲಿಲ್ಲ. ಒಳಗಿನಿಂದ, "ನಾನು ಗೆದ್ದೆ ಅಂತ ಖುಷಿಪಡ್ಲಾ, ಮಗು ಸೋತ್ಳು ಅಂತ ಅಳ್ಲಾ?" ಎಂಬ ದನಿ ಬಂತು. ಆ ಪ್ರಶ್ನೆ ನಿನಗೆ ಕಳಿಸುತ್ತಿದ್ದೇನೆ. ನೀನೇ ಉತ್ತರಿಸು.

ತಂಗಿ

 

ಮಾರ್ಚ್ 17

ಕುರ್ಚಿ ನಿನ್ನೊಬ್ಬಳದಲ್ಲ. ಲಾರಿ ಬರುತ್ತದೆ. ಹಾರನ್ ಕೈಲಿ ಕುರ್ಚಿ ಬರದಿದ್ದರೆ ನನಗೊಬ್ಬಳು ತಂಗಿ ಇದ್ದಳು ಎನ್ನುವುದನ್ನು ಮರೆಯುತ್ತೇನೆ. ನನ್ನ ಮಗುವಿಗೆ ಏನು ಬೇಕು, ಏನು ಬೇಡ ಅನ್ನುವುದನ್ನು ನೀನು ತೀರ್ಮಾನಿಸಬೇಡ.

 

ಮಾರ್ಚ್ 21

ಅಣ್ಣನಿಗೆ,

ನಿನ್ನ ಸ್ನೇಹಿತ ಬಂದಿದ್ದ. ಬೀದಿಯ ಆ ತುದಿಯಿಂದಲೇ ಗೊತ್ತಾಯಿತು, ಹೆಸರು ಸರಿಯಾಗೇ ಇಟ್ಟಿದ್ದೀರಿ. ಅಂಗಳದಲ್ಲಿದ್ದ ರಾಶಿ ನೋಡಿ ತಲೆ ಕೆರೆದುಕೊಂಡ. "ಅಕ್ಕಾ, ಕುರ್ಚಿ ಅಂದಿದ್ರು. ಇದು ಸೌದೆ ಅಲ್ವಾ?"

"ಸೌದೆ ಆಗಿದ್ದು ಇವತ್ತು ಬೆಳಿಗ್ಗೆ" ಅಂದೆ.

"ಏನಂತ ಹೇಳ್ಲಿ ಅವನಿಗೆ?"

"ಕಣ್ಣಾರೆ ನೋಡಿದ್ದನ್ನ ಹೇಳಪ್ಪ." ಒಂದು ಲೋಟ ನೀರು ಕುಡಿದು ಹೋದ. ಹೋಗುವಾಗ ಹಾರನ್ ಹೊಡೆಯಲಿಲ್ಲ.

ಸಿಟ್ಟಿನಲ್ಲಿ ಮಾಡಿದೆ ಅಂದುಕೊಳ್ಳಬೇಡ. ಸಿಟ್ಟಿತ್ತು, ಆದರೆ ಮೊದಲು ಉಳಿಸಲು ನೋಡಿದೆ. ಬಟ್ಟೆ ಬಿಚ್ಚಿದೆ, ಒಳಗಿನ ಹತ್ತಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ತೆಗೆದು, ಮರವನ್ನು ಬಿಸಿನೀರು, ಸೋಪು ಹಾಕಿ ಉಜ್ಜಿದೆ. ನೀರು ಕಂದಾಗಿ ಇಳಿಯಿತು. ಮತ್ತೆ ಉಜ್ಜಿದೆ, ಮತ್ತೆ ಕಂದು. ಬಿಸಿಲಿಗಿಟ್ಟರೆ ಒಣಗಿದ ಮೇಲೆ ಎಡತೋಳಿನಲ್ಲಿ ಅದೇ ವಾಸನೆ. ಅದೇ ತೋಳಿನಲ್ಲಿ ನಾಲ್ಕು ಹಲ್ಲಿನ ಗುರುತು. ಕೊಡಲಿ ತಂದುಕೊಟ್ಟವರು ನಿನ್ನ ಭಾವ, ಹಾಸಿಗೆ ಹೊತ್ತುಕೊಂಡು ಮನೆಗೆ ವಾಪಸು ಬಂದಿದ್ದಾರೆ. "ನಾನು ಮಾಡ್ಲಾ?" ಎಂದರು. ಬೇಡ, ನಮ್ಮಪ್ಪನ ಕುರ್ಚಿ, ನಾನೇ ಮಾಡುತ್ತೇನೆ ಅಂದೆ. ಅವರು ಮಗುವನ್ನು ಎತ್ತಿಕೊಂಡು ಬೀದಿಯ ಕೊನೆಯವರೆಗೆ ಹೋದರು, ಸದ್ದು ಕೇಳದ ಹಾಗೆ. ಏಟು ಹಾಕುವಾಗ ಅತ್ತೆನಾ ಅಂತ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಅತ್ತೆ. ಬೈದೆ ಕೂಡ. ಅಪ್ಪನನ್ನೇ, ಹೆಸರು ಹಿಡಿದು.

ಸುಡಲಿಲ್ಲ. ಆ ಕುರ್ಚಿಯಿಂದ ಎದ್ದ ಹೊಗೆ ಈ ಮನೆಗೆ ಸಾಕು. ಕಸದ ಗಾಡಿಗೆ ಹಾಕಿದೆ.

ಪರದೆ, ಚಾಪೆ, ಹಾಸಿಗೆ ಹೋದವು. ಗೋಡೆ ತೊಳೆದು ಬಣ್ಣ ಬಳಿದೆವು, ಎರಡು ದಿನಕ್ಕೆ ಬಣ್ಣದ ಮೇಲೆ ಹಳದಿ ಕಲೆ ಎದ್ದು ನಿಂತಿತು, ಅಪ್ಪ ಕರಡು ತಿದ್ದಿದ ಹಾಗೆ. ಈಗ ಗಾರೆಯವರು ಬಂದು ಕೆರೆಯುತ್ತಿದ್ದಾರೆ. ಕಿಟಕಿ ತೆಗೆದಿದ್ದೇನೆ. ಕೀಲು ತುಕ್ಕು ಹಿಡಿದಿತ್ತು, ಒದ್ದು ತೆಗೆದೆ.

ಮರೆಯುತ್ತೇನೆ ಎಂದು ಬರೆದಿದ್ದೀಯ. ಮರೆ. ನಿನ್ನ ಮಗು ಚೆನ್ನಾಗಿ ಉಸಿರಾಡಿಕೊಂಡು ಬೆಳೆದು ಒಂದು ದಿನ, ನನಗೆ ಅತ್ತೆ ಇಲ್ಲವಾ ಎಂದು ಕೇಳಿದರೆ, ನಿನ್ನ ಅಜ್ಜನ ಕುರ್ಚಿ ಮುರಿದವಳೊಬ್ಬಳು ಇದ್ದಳು ಅನ್ನು. ಒಪ್ಪಿಕೊಳ್ಳುತ್ತೇನೆ.

ತಂಗಿ

 

ಮೇ 9

ತಂಗಿಗೆ,

ಬರೆಯಬಾರದು ಅಂತಲೇ ಇದ್ದೆ. ಬರೆಸುತ್ತಿರುವವಳು ನಿನ್ನ ಅತ್ತಿಗೆ, ಎದುರಿಗೇ ಕೂತಿದ್ದಾಳೆ.

ಗಂಡು ಮಗು. ಹೋದ ತಿಂಗಳು. ಇಬ್ಬರೂ ಚೆನ್ನಾಗಿದ್ದಾರೆ. ಕೂದಲು ಬೇಕಾದಷ್ಟಿದೆ, ಮೂಗು ನಮ್ಮ ಮನೆಯದ್ದೇ, ಪಾಪ.

ನಿನ್ನ ಕೊನೆಯ ಕಾಗದ ಬಂದಾಗ ನಾನು ಕ್ರೇನ್ ಮೇಲಿದ್ದೆ. ಅವಳು ಒಡೆದು ಓದಿದ್ದಾಳೆ. ಅದು ಸಾಲದೆಂದು ಹಳೆಯದನ್ನೆಲ್ಲ ಹುಡುಕಿ ತೆಗೆದು ಓದಿದ್ದಾಳೆ. ನಾನು ಮನೆಗೆ ಬಂದಾಗ ದಿಂಬಿನ ಕೆಳಗೆ ಬಟ್ಟೆಯ ಚೂರು ಇರಲಿಲ್ಲ. ದಿಂಬೂ ಇರಲಿಲ್ಲ. ಜಗಳವಾಡಿದೆ.

ಆದರೆ ಚೂರು ಹೋದರೂ ವಾಸನೆ ಹೋಗಲಿಲ್ಲ. ಅವಳು ತುಂಬಿದ ಹೊಟ್ಟೆ ಹೊತ್ತುಕೊಂಡು ಮನೆಯೆಲ್ಲ ಮೂಸುತ್ತಾ ತಿರುಗಿದಳು. ಕಪಾಟು, ಹೊದಿಕೆ, ಗೋಡೆಗೆ ನೇತುಹಾಕಿದ ಚೀಲ. ಕೊನೆಗೆ ನನ್ನ ಕಾಲರಿನ ಹತ್ತಿರ ಬಂದು ನಿಂತಳು.

ಹೌದು. ಅಪ್ಪ ಹೋದ ವಾರದಿಂದ. ಅದೇ ಬ್ರ್ಯಾಂಡು. ಕ್ರೇನಿನ ಗಾಜಿನ ಡಬ್ಬಿಯೊಳಗೆ, ನೆಲದಿಂದ ಅಷ್ಟು ಎತ್ತರದಲ್ಲಿ, ಯಾರಿಗೆ ಏನು ತೊಂದರೆ ಅಂದುಕೊಂಡಿದ್ದೆ. ಹಚ್ಚಿದಾಗ ಆ ಡಬ್ಬಿ ಅಪ್ಪನ ಕೋಣೆಯಾಗುತ್ತಿತ್ತು. ಭಾವನ ಬಗ್ಗೆ ಏಲಕ್ಕಿ ಎಂದು ಬರೆದಾಗ ನನ್ನ ಜೇಬಿನಲ್ಲೇ ಏಲಕ್ಕಿ ಇತ್ತು. ಇದನ್ನು ಅವರಿಗೆ ಓದಿ ಹೇಳು, ನಗಲಿ.

ಮಗು ಹುಟ್ಟಿದ ದಿನ ಬಿಟ್ಟೆ. ಹಾಗಂದರೆ ನಿನ್ನ ಅತ್ತಿಗೆ, "ಬಿಟ್ಟಿದ್ದು ಬಾಯಿ. ಅಂಗಿ ಬಿಟ್ಟಿಲ್ಲ, ಕೂದಲು ಬಿಟ್ಟಿಲ್ಲ, ಬೆರಳು ಬಿಟ್ಟಿಲ್ಲ" ಅನ್ನುತ್ತಾಳೆ. ಬಟ್ಟೆ ಬದಲಾಯಿಸಿದೆ. ಕ್ರೇನಿಗೆ ಹಾಕುವ ಜಾಕೆಟ್ಟು ಬಂದರಿನಲ್ಲೇ ಬಿಟ್ಟು ಬರುತ್ತೇನೆ. ತಲೆ ಬೋಳಿಸಿದೆ, ಎಲ್ಲರೂ ಯಾರು ಹೋದರು ಎಂದು ಕೇಳುತ್ತಾರೆ. ಆದರೆ ಬಲಗೈಯ ಎರಡು ಬೆರಳು ಇನ್ನೂ ಹಳದಿ. ಅದು ಹೋಗುವವರೆಗೂ ಮಗುವನ್ನು ಬಾಗಿಲಿನಿಂದ ನೋಡು ಅಂದಿದ್ದಾಳೆ. ಎರಡು ಸಲ ನಿಲ್ಲದೆ ಹೋದದ್ದನ್ನು ಹೊತ್ತವಳು ಅವಳು, ಅವಳ ಹತ್ತಿರ ನಾನು ವಾದ ಮಾಡುವ ಹಾಗಿಲ್ಲ. ನಿಲ್ಲುತ್ತೇನೆ. ನಿಂತಷ್ಟು ಹೊತ್ತೂ ನಿನ್ನನ್ನೇ ಬೈಯುತ್ತಿರುತ್ತೇನೆ.

ಕುರ್ಚಿಯ ವಿಷಯದಲ್ಲಿ ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಸೋಪು ಹಾಕಿ ನೋಡಿದೆ, ಸೀಮೆಎಣ್ಣೆ ಹಾಕಿ ನೋಡಿದೆ, ಬಂದರಿನಲ್ಲಿ ಗ್ರೀಸ್ ತೆಗೆಯುವ ಪುಡಿ ಹಾಕಿ ಉಜ್ಜಿ ಚರ್ಮ ಸುಲಿದುಕೊಂಡೆ. ಹಳದಿ ಕೆಳಗೇ ಇದೆ. ಆ ಗೋಡೆ ತೊಳೆದವಳು ನೀನು. ಯಾವುದರಿಂದ ತೊಳೆದರೆ ಹೋಗುತ್ತದೆ ಎಂದು ಗೊತ್ತಿದ್ದರೆ ಈ ಕಾಗದ ಸಿಕ್ಕ ದಿನವೇ ಬರೆ. ಫೋನ್ ಮಾಡಿದರೂ ಸರಿ, ಕಟ್ ಮಾಡುವುದಿಲ್ಲ. ಅವನು ದಿನಾ ಬೆಳೆಯುತ್ತಿದ್ದಾನೆ, ಬಾಗಿಲಿನಿಂದ ನೋಡಿದರೂ ಗೊತ್ತಾಗುತ್ತದೆ.

ಅಣ್ಣ